‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದಷ್ಟೇ ಹೇಳಿದರೆ ಸಾಲದು

ಮಾನ್ಯ ಸಂಪಾದಕರೇ,

‘ಒಂದು ಸ್ಕ್ಯಾನಿಂಗ್ ಮಾಡಿಸಿಕೊಂಡು ಬನ್ನಿ’ ಎಂದು ವೈದ್ಯರು ಚೀಟಿ ಬರೆದುಕೊಡುತ್ತಾರೆ. ಕೇಂದ್ರಕ್ಕೆ ಫೋನ್ ಮಾಡಿದರೆ ‘ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂಬ ಉತ್ತರ. ಎಷ್ಟೋ ರೋಗಿಗಳಿಗೆ ಸಿಗುವ ಮಾಹಿತಿ ಇಷ್ಟೇ. ಇದನ್ನೇ ನಂಬಿ ಹಿಂದಿನ ರಾತ್ರಿಯಿಂದ ಗುಟುಕು ನೀರೂ ಕುಡಿಯದೆ, ಬಿ.ಪಿ. ಮಾತ್ರೆಯನ್ನೂ ಬಿಟ್ಟು, ಎರಡು ಬಸ್ ಬದಲಿಸಿ ಬರುತ್ತಾರೆ. ಒಳಗೆ ಕರೆಯುವ ಮುನ್ನ ಶೌಚಾಲಯಕ್ಕೂ ಹೋಗಿಬಂದಿರುತ್ತಾರೆ. ಚೀಟಿಯಲ್ಲಿ ಗರ್ಭಕೋಶದ್ದೋ ಪ್ರಾಸ್ಟೇಟ್‌ನದ್ದೋ ಸ್ಕ್ಯಾನಿಂಗ್ ಎಂದಿದ್ದರೆ ಅವರಿಗೆ ಉಪವಾಸವೇ ಬೇಕಿರಲಿಲ್ಲ, ಬೇಕಿದ್ದದ್ದು ತುಂಬಿದ ಮೂತ್ರಕೋಶ. ಥೈರಾಯ್ಡ್ ಸ್ಕ್ಯಾನಿಂಗ್‌ಗೆ ಹಸಿದುಕೊಂಡು ಬಂದವರಿಗಂತೂ ಎರಡೂ ಬೇಕಿರಲಿಲ್ಲ. ಅಲ್ಟ್ರಾಸೌಂಡ್ ವಿಭಾಗದಲ್ಲಿ ಕೆಲಸ ಮಾಡುವ ನಾವು ದಿನವೂ ನೋಡುವ ಈ ಪರದಾಟವನ್ನು ಸುಲಭವಾಗಿ ತಪ್ಪಿಸಬಹುದು. ಅದಕ್ಕಾಗಿ ಈ ಪತ್ರ.

ಸಿದ್ಧತೆ ಯಾಕೆ ಬೇಕು ಎನ್ನುವುದು ತಿಳಿದರೆ ಯಾವುದಕ್ಕೆ ಏನು ಮಾಡಬೇಕೆಂಬುದು ತಾನಾಗಿ ನೆನಪಿರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್-ರೇ ಥರದ ವಿಕಿರಣ ಇಲ್ಲ. ಮೈಮೇಲೆ ಆಡಿಸುವ ಪ್ರೋಬ್ ಎಂಬ ಪುಟ್ಟ ಉಪಕರಣ ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ದೇಹದೊಳಗೆ ಕಳುಹಿಸುತ್ತದೆ, ಅಂಗಗಳಿಗೆ ತಾಗಿ ಮರಳಿ ಬರುವ ಪ್ರತಿಧ್ವನಿಯಿಂದ ಯಂತ್ರ ಚಿತ್ರ ಕಟ್ಟುತ್ತದೆ. ಅಲೆಗಳ ಕಂಪನವನ್ನು ಮೆಗಾಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ಹೊಟ್ಟೆಗೆ ಬಳಸುವ ಪ್ರೋಬ್ ಸುಮಾರು 2ರಿಂದ 5 ಮೆಗಾಹರ್ಟ್ಸ್‌ನದು. ಥೈರಾಯ್ಡ್, ಸ್ತನ, ಕಾಲಿನ ರಕ್ತನಾಳಗಳಂಥ ಮೇಲ್ಭಾಗದ ಅಂಗಗಳಿಗೆ 7ರಿಂದ 15 ಮೆಗಾಹರ್ಟ್ಸ್‌ನದು. ಎರಡನೆಯದರ ಚಿತ್ರ ಬಹಳ ಸ್ಪಷ್ಟ, ಆದರೆ ಅದು ಆಳಕ್ಕೆ ಇಳಿಯುವುದಿಲ್ಲ. ಆಳಕ್ಕೆ ಹೋದಷ್ಟೂ ಅಲೆಗಳು ಕ್ಷೀಣಿಸುತ್ತವೆ, ದಪ್ಪ ಹೊಟ್ಟೆಯವರಲ್ಲಿ ಚಿತ್ರ ಮಸುಕಾಗುವುದೂ ಇದೇ ಕಾರಣಕ್ಕೆ. ಈ ಅಲೆಗಳಿಗೆ ನೀರು ಕಿಟಕಿ, ಗಾಳಿ ಗೋಡೆ. ಚರ್ಮಕ್ಕೂ ಪ್ರೋಬ್‌ಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಅಲೆಗಳು ಅಲ್ಲಿಂದಲೇ ಹಿಂದಿರುಗುತ್ತವೆ. ತಣ್ಣಗಿನ ಜೆಲ್ ಹಚ್ಚುವುದು ಆ ಗಾಳಿಯನ್ನು ತೆಗೆಯಲು. ಅದು ನೀರಿನಿಂದ ಮಾಡಿದ್ದು, ಒರೆಸಿದರೆ ಹೋಗುತ್ತದೆ, ಬಟ್ಟೆಗೆ ಕಲೆಯಾಗುವುದಿಲ್ಲ.

ಹೊಟ್ಟೆಯ ಮೇಲ್ಭಾಗ, ಅಂದರೆ ಲಿವರ್, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಗುಲ್ಮ ನೋಡುವುದಿದ್ದರೆ 6ರಿಂದ 8 ಗಂಟೆ ಏನೂ ತಿಂದಿರಬಾರದು. ಮುಖ್ಯ ಕಾರಣ ಪಿತ್ತಕೋಶ. ಉಪವಾಸವಿದ್ದಾಗ ಅದು ಪಿತ್ತರಸ ತುಂಬಿಕೊಂಡು ಪರದೆಯ ಮೇಲೆ ಪೇರಳೆ ಆಕಾರದಲ್ಲಿ ಕಪ್ಪಗೆ ಕಾಣುತ್ತದೆ. ಒಳಗೆ ಕಲ್ಲಿದ್ದರೆ ಬೆಳ್ಳಗೆ ಹೊಳೆಯುತ್ತದೆ, ಅದರ ಹಿಂದೆ ಉದ್ದನೆಯ ಕಪ್ಪು ನೆರಳು ಬೀಳುತ್ತದೆ. ರೋಗಿ ಎಡಮಗ್ಗುಲಿಗೆ ಹೊರಳಿದರೆ ಕಲ್ಲು ಉರುಳಿ ಜಾಗ ಬದಲಿಸುತ್ತದೆ. ಕದಲದೆ ಗೋಡೆಗೆ ಅಂಟಿಕೊಂಡೇ ಇದ್ದರೆ, ಹಿಂದೆ ನೆರಳೂ ಇಲ್ಲದಿದ್ದರೆ ಅದು ಪಾಲಿಪ್ (ಗೋಡೆಯಿಂದ ಬೆಳೆದ ಸಣ್ಣ ಗಂಟು) ಇರಬಹುದೆಂದು ಯೋಚಿಸುತ್ತೇವೆ. ತಿಂದು ಬಂದವರಲ್ಲಿ ಪಿತ್ತಕೋಶ ಸಂಕುಚಿತಗೊಂಡು ಮುದುಡಿರುತ್ತದೆ, ಗೋಡೆ ದಪ್ಪಗಾದಂತೆ ಕಾಣುತ್ತದೆ. ಸಣ್ಣ ಕಲ್ಲು ಆ ಮಡಿಕೆಯಲ್ಲಿ ಅಡಗಿಹೋಗಬಹುದು, ಇಲ್ಲದ ಉರಿಯೂತ ಇದೆಯೇನೋ ಎಂಬ ಅನುಮಾನವೂ ಬರಬಹುದು.

‘ಬರೀ ಒಂದು ಲೋಟ ಕಾಫಿ ಕುಡಿದೆ’ ಎನ್ನುವವರು ಇಲ್ಲಿ ಗಮನಿಸಬೇಕು. ಹಾಲಿನಲ್ಲಿರುವ ಕೊಬ್ಬೇ ಪಿತ್ತಕೋಶ ಮುದುಡಲು ಸಾಕು. ಹಾಲು ಹಾಕಿದ ಕಾಫಿ, ಟೀ, ಮಜ್ಜಿಗೆ, ರಾಗಿ ಅಂಬಲಿ, ಬಿಸ್ಕತ್ತು ಎಲ್ಲವೂ ಊಟದ ಲೆಕ್ಕಕ್ಕೇ ಸೇರುತ್ತವೆ. ಬರಿಯ ನೀರು ಕುಡಿಯಬಹುದು. ಬಿ.ಪಿ., ಥೈರಾಯ್ಡ್, ಹೃದಯದ ಮಾತ್ರೆಗಳನ್ನು ಎಂದಿನಂತೆ ನೀರಿನಲ್ಲಿ ನುಂಗಬೇಕು, ಬಿಡಬಾರದು. ಬೀಡಿ, ಸಿಗರೇಟು, ಚೂಯಿಂಗ್ ಗಮ್ ಬೇಡ, ಅವುಗಳ ಜೊತೆ ಗಾಳಿಯೂ ಹೊಟ್ಟೆಗೆ ಇಳಿಯುತ್ತದೆ. ಹಿಂದಿನ ರಾತ್ರಿಯ ಊಟ ಹಗುರವಾಗಿರಲಿ, ಅವರೆಕಾಳು, ಕಡಲೆಕಾಳು, ಎಲೆಕೋಸು ಆ ಒಂದು ದಿನ ಬೇಡ. ಕರುಳಿನಲ್ಲಿ ಗಾಳಿ ತುಂಬಿದ್ದರೆ ಅದರ ಹಿಂದಿರುವ ಮೇದೋಜೀರಕ ಗ್ರಂಥಿ ಕಾಣುವುದೇ ಇಲ್ಲ. ಅದೇ ವಾರ ಎಂಡೋಸ್ಕೋಪಿಯೋ, ಬೇರಿಯಂ ಎಂಬ ಬಿಳಿ ದ್ರಾವಣ ಕುಡಿಸಿ ತೆಗೆಯುವ ಎಕ್ಸ್-ರೇಯೋ ಇದ್ದರೆ ಮೊದಲು ಅಲ್ಟ್ರಾಸೌಂಡ್ ಮುಗಿಸಿಕೊಳ್ಳಿ. ಎಂಡೋಸ್ಕೋಪಿಯಲ್ಲಿ ಹೊಟ್ಟೆಗೆ ಗಾಳಿ ಊದುತ್ತಾರೆ, ಬೇರಿಯಂ ಶಬ್ದದ ಅಲೆಗಳನ್ನು ತಡೆಯುತ್ತದೆ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಊಟ ಬಿಟ್ಟು ಮಾತ್ರೆ ಅಥವಾ ಇನ್ಸುಲಿನ್ ಮಾತ್ರ ತೆಗೆದುಕೊಂಡು ಬಂದರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹಾಗೆಂದು ದಿನಕ್ಕೊಮ್ಮೆ ಹಾಕಿಕೊಳ್ಳುವ ದೀರ್ಘಾವಧಿಯ ಇನ್ಸುಲಿನ್ ಅನ್ನು ತಾವಾಗಿಯೇ ನಿಲ್ಲಿಸುವುದೂ ಸರಿಯಲ್ಲ. ಹಿಂದಿನ ದಿನವೇ ನಿಮ್ಮ ವೈದ್ಯರನ್ನು ಕೇಳಿ. ಸ್ಕ್ಯಾನಿಂಗ್‌ಗೆ ಬೆಳಗಿನ ಮೊದಲ ಸರದಿಯನ್ನೇ ಬುಕ್ ಮಾಡಿಸಿ, ತಿಂಡಿ ಕಟ್ಟಿಕೊಂಡು ಬನ್ನಿ. ಕಾಯುವಾಗ ಬೆವರು, ಕೈ ನಡುಕ, ತಲೆಸುತ್ತು, ಮಂಕು ಕಾಣಿಸಿಕೊಂಡರೆ ಸ್ಕ್ಯಾನಿಂಗ್ ಹಾಳಾಗುತ್ತದೆ ಎಂದು ತಡೆದುಕೊಂಡು ಕೂರಬೇಡಿ. ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ ತಕ್ಷಣ ತೆಗೆದುಕೊಂಡು ಸಿಬ್ಬಂದಿಗೆ ತಿಳಿಸಿ. ಸ್ಕ್ಯಾನಿಂಗ್ ನಾಳೆಯೂ ಆಗುತ್ತದೆ. ಹಸುಗೂಸುಗಳನ್ನೂ ದೊಡ್ಡವರಂತೆ ಎಂಟು ಗಂಟೆ ಹಸಿವಿನಲ್ಲಿ ಇಡಬಾರದು. ಒಂದು ಹೊತ್ತಿನ ಹಾಲು ತಡಮಾಡಿ, 3ರಿಂದ 4 ಗಂಟೆಯ ಅಂತರವಿದ್ದರೆ ಸಾಕು.

ಇನ್ನು ಕಿಬ್ಬೊಟ್ಟೆಯ ಸ್ಕ್ಯಾನಿಂಗ್. ಗರ್ಭಕೋಶ, ಅಂಡಾಶಯ, ಪ್ರಾಸ್ಟೇಟ್ ಎಲ್ಲವೂ ಮೂತ್ರಕೋಶದ ಹಿಂದೆ ಅಥವಾ ಕೆಳಗೆ ಇರುತ್ತವೆ, ಮುಂದುಗಡೆ ಕರುಳು ಅಡ್ಡ ಬರುತ್ತದೆ. ಮೂತ್ರಕೋಶ ತುಂಬಿದಾಗ ಅದು ಕರುಳನ್ನು ಮೇಲಕ್ಕೆ ಸರಿಸಿ, ನೀರಿನ ಮೂಲಕ ಒಳಗೆ ನೋಡಲು ದಾರಿ ಮಾಡಿಕೊಡುತ್ತದೆ. ಸ್ಕ್ಯಾನಿಂಗ್‌ಗೆ ಒಂದು ಗಂಟೆ ಮೊದಲು ನಾಲ್ಕೈದು ಲೋಟ, ಅಂದರೆ ಮುಕ್ಕಾಲರಿಂದ ಒಂದು ಲೀಟರ್ ನೀರು ಕುಡಿದು, ಆಮೇಲೆ ಮೂತ್ರಕ್ಕೆ ಹೋಗದೆ ಇರಬೇಕು. ಎದ್ದ ಕೂಡಲೇ ಒಮ್ಮೆ ಹೋಗಿಬರುವುದಕ್ಕೆ ಅಡ್ಡಿಯಿಲ್ಲ. ಕುಡಿದ ನೀರು ಮೂತ್ರಕೋಶಕ್ಕೆ ಇಳಿಯಲು ಮುಕ್ಕಾಲು ಗಂಟೆಯಾದರೂ ಬೇಕು, ಎರಡು ಬಾಟಲಿ ಒಟ್ಟಿಗೆ ಗಟಗಟನೆ ಇಳಿಸಿದರೆ ಬೇಗ ಆಗುವುದಿಲ್ಲ. ನೀರಿನ ಜೊತೆ ಗಾಳಿ ನುಂಗಿ ಹೊಟ್ಟೆ ಉಬ್ಬುತ್ತದೆ, ಕೆಲವರಿಗೆ ವಾಂತಿಯೂ ಆಗುತ್ತದೆ. ಬೇಗ ತುಂಬಲಿ ಎಂದು ಸೋಡಾ, ತಂಪು ಪಾನೀಯ ಕುಡಿಸುವ ಸಂಬಂಧಿಕರಿದ್ದಾರೆ. ಅದರಿಂದ ಕರುಳಿಗೆ ಇನ್ನಷ್ಟು ಗ್ಯಾಸ್ ಸೇರುತ್ತದೆ ಅಷ್ಟೇ.

ಹೊಟ್ಟೆ, ಕಿಬ್ಬೊಟ್ಟೆ ಎರಡನ್ನೂ ನೋಡುವುದಿದ್ದರೆ ಉಪವಾಸವೂ ಬೇಕು, ನೀರೂ ಬೇಕು. ಹೆಚ್ಚು ಗೊಂದಲ ಆಗುವುದೇ ಈ ಸ್ಕ್ಯಾನಿಂಗ್‌ನಲ್ಲಿ. ಚೀಟಿಯಲ್ಲಿ ‘ಅಬ್ಡಾಮೆನ್ ಅಂಡ್ ಪೆಲ್ವಿಸ್’ ಎಂದಿದ್ದರೆ ಅದರ ಅರ್ಥ ಇದೇ: ಆಹಾರವಿಲ್ಲದ ಹೊಟ್ಟೆ, ತುಂಬಿದ ಮೂತ್ರಕೋಶ.

ಅತಿಯಾಗಿ ತುಂಬಿಸಿಕೊಳ್ಳುವುದೂ ತಪ್ಪೇ. ತಡೆಯಲಾರದಷ್ಟು ಮೂತ್ರ ಕಟ್ಟಿಕೊಂಡಾಗ ಕಿಡ್ನಿಯ ನಾಳಗಳು ಹಿಗ್ಗಿದಂತೆ ಕಾಣುತ್ತವೆ, ಕಲ್ಲಿನಿಂದಲೋ ಅಡಚಣೆಯಿಂದಲೋ ಹೀಗಾಗಿದೆಯೇನೋ ಎನಿಸುತ್ತದೆ. ಆಗ ಮೂತ್ರ ಮಾಡಿಸಿ ಮತ್ತೊಮ್ಮೆ ನೋಡಬೇಕು. ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರಲ್ಲಿ ಮೂತ್ರ ಮಾಡಿದ ಮೇಲೆ ಎಷ್ಟು ಉಳಿಯಿತು ಎಂದು ಅಳೆಯುತ್ತೇವೆ, ಚಿಕಿತ್ಸೆಯ ನಿರ್ಧಾರಕ್ಕೆ ಆ ಅಂಕಿ ಮುಖ್ಯ. ಎರಡು ಮೂರು ಗಂಟೆ ಬಿಗಿಹಿಡಿದು ಕೂತವರ ಮೂತ್ರಕೋಶ ಒಮ್ಮೆಲೇ ಪೂರ್ತಿ ಖಾಲಿಯಾಗುವುದಿಲ್ಲ. ಉಳಿಕೆ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ, ಇಲ್ಲದ ರೋಗಕ್ಕೆ ಔಷಧಿ ಶುರುವಾಗಬಹುದು. ಸಾಧಾರಣ ಒತ್ತಡ ಬಂದ ಕೂಡಲೇ ಸಿಬ್ಬಂದಿಗೆ ಹೇಳಿ. ನೋಡಿದ ಮೇಲೆ ಶೌಚಾಲಯಕ್ಕೆ ಹೋಗಿ ಆರಾಮಾಗಿ ಮೂತ್ರ ಮಾಡಿ, ಹತ್ತು ನಿಮಿಷದೊಳಗೆ ಮರಳಿ ಬನ್ನಿ. ನಡುವೆ ಮತ್ತೆ ನೀರು ಕುಡಿಯಬೇಡಿ.

ಡಯಾಲಿಸಿಸ್‌ನಲ್ಲಿರುವವರು, ಹೃದಯ ದುರ್ಬಲವಾಗಿ ನೀರಿನ ಮಿತಿ ಹೇಳಿಸಿಕೊಂಡವರು ಸ್ಕ್ಯಾನಿಂಗ್‌ಗೆಂದು ಲೀಟರ್‌ಗಟ್ಟಲೆ ನೀರು ಕುಡಿಯಬಾರದು. ಕಡಿಮೆ ತುಂಬಿದ್ದರೂ ನೋಡಿದಷ್ಟು ನೋಡುತ್ತೇವೆ. ಹಠಾತ್ತಾಗಿ ಜೋರು ಹೊಟ್ಟೆನೋವು, ಅಪಘಾತ, ಗರ್ಭಿಣಿಗೆ ರಕ್ತಸ್ರಾವ ಇಂಥ ತುರ್ತಿನಲ್ಲಿ ಯಾವ ಸಿದ್ಧತೆಗೂ ಕಾಯಬಾರದು. ಅಪೆಂಡಿಕ್ಸ್ ಶಂಕೆಯಿದ್ದವರಿಗೆ ಮನೆಯಲ್ಲೇ ನೀರು ಕುಡಿಸಿ ಕರೆತರಬೇಡಿ. ಅಂದೇ ಶಸ್ತ್ರಚಿಕಿತ್ಸೆ ಬೇಕಾದರೆ ತುಂಬಿದ ಹೊಟ್ಟೆ ಅರಿವಳಿಕೆಗೆ ತೊಡಕಾಗುತ್ತದೆ.

ಮಹಿಳೆಯರಲ್ಲಿ ಕೆಲವೊಮ್ಮೆ ಯೋನಿಮಾರ್ಗದ ಸ್ಕ್ಯಾನಿಂಗ್ ಬೇಕಾಗುತ್ತದೆ. ಟಿವಿಎಸ್ ಎನ್ನುವುದು ಇದನ್ನೇ. ಇದಕ್ಕೆ ಮೂತ್ರಕೋಶ ಖಾಲಿಯಿರಬೇಕು. ಬೆರಳಿನಂಥ ತೆಳು ಪ್ರೋಬ್‌ಗೆ ಪ್ರತಿಯೊಬ್ಬರಿಗೂ ಹೊಸ ಕಾಂಡೋಮ್ ಹೊದಿಸಿ ಬಳಸುತ್ತಾರೆ. ಅಂಡಾಶಯ, ಗರ್ಭಕೋಶದ ಒಳಪದರ, ಆರಂಭದ ಗರ್ಭ, ನಾಳದಲ್ಲಿ ಕಟ್ಟಿದ ಗರ್ಭ ಇವು ಹೊಟ್ಟೆಯ ಮೇಲಿನಿಂದ ನೋಡುವುದಕ್ಕಿಂತ ಇದರಲ್ಲಿ ಎಷ್ಟೋ ಸ್ಪಷ್ಟ. ಆದರೆ ಮೊದಲೇ ವಿವರಿಸಿ ಒಪ್ಪಿಗೆ ಪಡೆಯಬೇಕು. ಪರೀಕ್ಷೆ ಮಾಡುವವರು ಪುರುಷರಾಗಿದ್ದರೆ ಮಹಿಳಾ ಸಿಬ್ಬಂದಿ ಕೋಣೆಯಲ್ಲಿರಬೇಕು. ‘ಬೇಡ’ ಎನ್ನುವ ಹಕ್ಕು ನಿಮಗಿದೆ, ನಡುವೆ ನಿಲ್ಲಿಸಿ ಎನ್ನುವ ಹಕ್ಕೂ ಇದೆ. ಮದುವೆಯಾಗದ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿನಿಂದಲೇ ನೋಡುತ್ತಾರೆ. ರಬ್ಬರ್ ಕೈಗವಸಿನಿಂದ ತುರಿಕೆ, ದದ್ದು ಆಗಿದ್ದರೆ ಮೊದಲೇ ಹೇಳಿ, ಪ್ರೋಬ್‌ನ ಹೊದಿಕೆಯೂ ರಬ್ಬರಿನದೇ. ಕೊನೆಯ ಮುಟ್ಟಿನ ದಿನಾಂಕ ಬರೆದುಕೊಂಡು ಬನ್ನಿ. ಒಳಪದರದ ದಪ್ಪ ತಿಂಗಳಿನಲ್ಲಿ ದಿನದಿಂದ ದಿನಕ್ಕೆ ಬದಲಾಗುತ್ತದೆ, ದಿನಾಂಕ ಗೊತ್ತಿಲ್ಲದಿದ್ದರೆ ಅಳತೆಗೆ ಅರ್ಥವೇ ಇರುವುದಿಲ್ಲ.

ಗರ್ಭಿಣಿಯರು ಉಪವಾಸ ಮಾಡಬೇಕಿಲ್ಲ. ಮೊದಲ ಮೂರು ತಿಂಗಳಲ್ಲಿ ಹೊಟ್ಟೆಯ ಮೇಲಿನಿಂದ ನೋಡುವಾಗ ಮೂತ್ರಕೋಶ ಸ್ವಲ್ಪ ತುಂಬಿದ್ದರೆ ಒಳ್ಳೆಯದು, ಆಮೇಲೆ ಅದೂ ಬೇಡ. ಸಮಯ ಮಾತ್ರ ತಪ್ಪಬಾರದು. ಮಗುವಿನ ಕತ್ತಿನ ಹಿಂಭಾಗದ ದ್ರವ ಅಳೆಯುವ ಎನ್‌ಟಿ ಸ್ಕ್ಯಾನ್ 11 ವಾರದಿಂದ 13 ವಾರ 6 ದಿನಗಳೊಳಗೆ ಆಗಬೇಕು, ದಾಟಿದರೆ ಆ ಅಳತೆ ಉಪಯೋಗಕ್ಕೆ ಬಾರದು. ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್ 18ರಿಂದ 20 ವಾರಗಳಲ್ಲಿ ಆದರೆ ಉತ್ತಮ. ‘ಐದನೇ ತಿಂಗಳು ಮುಗಿಯಲಿ, ತವರಿನಿಂದ ಬಂದ ಮೇಲೆ ನೋಡೋಣ’ ಎಂದು ಮುಂದೂಡಬೇಡಿ. 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾಯ್ದೆಯಂತೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅಲ್ಲಿಂದ 24 ವಾರದವರೆಗೆ ನಿಗದಿತ ವರ್ಗದ ಮಹಿಳೆಯರಿಗೆ ಮಾತ್ರ ಅವಕಾಶ, ಇಬ್ಬರು ವೈದ್ಯರ ಅಭಿಪ್ರಾಯ ಬೇಕು. 24 ವಾರ ದಾಟಿದ ಮೇಲೆ ಮಗುವಿನಲ್ಲಿ ಗಂಭೀರ ನ್ಯೂನತೆ ಇದ್ದರೆ ಮೆಡಿಕಲ್ ಬೋರ್ಡ್ ತೀರ್ಮಾನಿಸಬೇಕು. ತೊಂದರೆ ತಡವಾಗಿ ಗೊತ್ತಾದರೆ ಕುಟುಂಬ ಎಷ್ಟು ಒದ್ದಾಡುತ್ತದೆ ಎನ್ನುವುದನ್ನು ಹತ್ತಿರದಿಂದ ಬಲ್ಲೆವು.

ಅನಾಮಲಿ ಸ್ಕ್ಯಾನ್‌ಗೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಮಗು ಬೋರಲು ಮಲಗಿದ್ದರೆ ಮುಖ, ಹೃದಯ ಕಾಣುವುದಿಲ್ಲ. ‘ಸ್ವಲ್ಪ ಓಡಾಡಿ ಬನ್ನಿ’ ಎಂದು ಹೊರಗೆ ಕಳುಹಿಸಿದರೆ ಏನೋ ಕೆಟ್ಟದ್ದು ಕಂಡಿದೆ ಎಂದು ಹೆದರಬೇಡಿ, ಮಗು ಮಗ್ಗುಲು ಬದಲಿಸಲಿ ಎಂದು ಕಾಯುತ್ತಾರೆ. ಎಲ್ಲ ನ್ಯೂನತೆಗಳೂ ಇದರಲ್ಲಿ ಗೊತ್ತಾಗುವುದಿಲ್ಲ. ಹೃದಯದ ಕೆಲವು ತೊಂದರೆಗಳು ಹುಟ್ಟಿದ ಮೇಲೆಯೇ ತಿಳಿಯುತ್ತವೆ. ಮೊದಲ ಮೂರು ತಿಂಗಳ ಸ್ಕ್ಯಾನ್ ರಿಪೋರ್ಟನ್ನು ತಾಯಿ ಕಾರ್ಡಿನ ಜೊತೆ ಕೊನೆಯವರೆಗೂ ಇಟ್ಟುಕೊಳ್ಳಿ. ಹೆರಿಗೆಯ ದಿನಾಂಕಕ್ಕೆ ಅದೇ ಆಧಾರ. ಒಂಬತ್ತನೇ ತಿಂಗಳ ಅಳತೆಯಿಂದ ಲೆಕ್ಕ ಹಾಕಿದರೆ ಎರಡು ಮೂರು ವಾರ ಹೆಚ್ಚುಕಡಿಮೆ ಆಗಬಹುದು. ಮಗುವಿನ ತೂಕದ ಅಂದಾಜೂ ಶೇ 10–15ರಷ್ಟು ಆಚೀಚೆ ಆಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಉಚಿತ. ಪ್ರತಿ ತಿಂಗಳ 9ರಂದು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯೂ ಇರುತ್ತದೆ.

ಗರ್ಭಿಣಿಯರ ಸ್ಕ್ಯಾನಿಂಗ್‌ಗೆ ಮುನ್ನ ‘ಫಾರ್ಮ್ ಎಫ್’ ತುಂಬಿಸುವುದು, ಗುರುತಿನ ಚೀಟಿ ಕೇಳುವುದು, ಇರುವ ಮಕ್ಕಳ ವಿವರ ಬರೆಯುವುದು ಕೇಂದ್ರದವರ ಕಿರಿಕಿರಿ ಎಂದು ಹಲವರು ಜಗಳಕ್ಕೆ ಬರುತ್ತಾರೆ. ಇದು ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಕಡ್ಡಾಯ ನಿಯಮ. ಒಂದು ಅಂಕಣ ಖಾಲಿ ಬಿಟ್ಟರೂ ವೈದ್ಯರ ಮೇಲೆ ಕ್ರಮ ಆಗಬಹುದು. ನೋಂದಣಿ ಪತ್ರ ಗೋಡೆಯ ಮೇಲೆ ಇದೆಯೇ, ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಕನ್ನಡದಲ್ಲಿ ಇದೆಯೇ ಎಂದು ನೋಡಿಕೊಳ್ಳುವುದು ನಿಮ್ಮ ಹಕ್ಕು. ಲಿಂಗ ಪತ್ತೆ ಮಾಡಿಕೊಡಿ ಎಂದು ಕೇಳುವ ಗಂಡ, ಅತ್ತೆ, ಮಾವ ಯಾರೇ ಆಗಲಿ, ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, ₹50 ಸಾವಿರದವರೆಗೆ ದಂಡ. ಒತ್ತಡಕ್ಕೆ ಸಿಕ್ಕಿದ ಗರ್ಭಿಣಿಗೆ ಕಾಯ್ದೆ ರಕ್ಷಣೆ ಕೊಡುತ್ತದೆ. ಮನೆಗೇ ಯಂತ್ರ ತಂದು ಮಾಡುತ್ತೇವೆ ಎನ್ನುವವರನ್ನು ಒಳಗೆ ಬಿಡಬೇಡಿ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ನಡೆಸುತ್ತಿದ್ದ ಭ್ರೂಣಲಿಂಗ ಪತ್ತೆಯ ದಂಧೆ ಬಯಲಾದದ್ದನ್ನು ಓದುಗರು ಮರೆತಿರಲಾರರು.

ಥೈರಾಯ್ಡ್, ಸ್ತನ, ವೃಷಣ, ಕೀಲು, ಕಾಲಿನ ರಕ್ತನಾಳದ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಇವಕ್ಕೆ ಯಾವ ಸಿದ್ಧತೆಯೂ ಬೇಡ. ಕಿಡ್ನಿಯ ರಕ್ತನಾಳದ ಡಾಪ್ಲರ್‌ಗೆ ಮಾತ್ರ ಉಪವಾಸ ಬೇಕು. ಸ್ತನದ ಅಲ್ಟ್ರಾಸೌಂಡ್, ಸ್ತನದ ಎಕ್ಸ್-ರೇ ಆದ ಮ್ಯಾಮೊಗ್ರಾಮ್‌ಗೆ ಬದಲಿಯಲ್ಲ, ವೈದ್ಯರು ಎರಡನ್ನೂ ಬರೆದಿದ್ದರೆ ಎರಡನ್ನೂ ಮಾಡಿಸಿ.

ಉಡುಪಿನ ಬಗ್ಗೆ ಒಂದು ಮಾತು. ನೈಟಿ ಅಥವಾ ಉದ್ದನೆಯ ಒಂದೇ ಉಡುಪು ತೊಟ್ಟು ಬಂದರೆ ಹೊಟ್ಟೆ ನೋಡಲು ಇಡೀ ಬಟ್ಟೆಯನ್ನು ಮೇಲೆತ್ತಬೇಕಾಗುತ್ತದೆ, ಸಂಕೋಚ ನಿಮಗೇ. ಸೀರೆ, ಚೂಡಿದಾರ್, ಪಂಚೆ, ಸಡಿಲ ಪ್ಯಾಂಟು ಅನುಕೂಲ. ಬಿಗಿಯಾದ ಉಡಿದಾರ, ಸೊಂಟಕ್ಕೆ ಕಟ್ಟಿದ ತಾಯತ ಪ್ರೋಬ್‌ಗೆ ಅಡ್ಡ ಬರುತ್ತವೆ. ಬಿಚ್ಚುವಂತಿಲ್ಲ ಎಂದರೆ ಮೇಲಕ್ಕೆ ಸರಿಸುವಷ್ಟು ಸಡಿಲ ಮಾಡಿಕೊಂಡು ಬನ್ನಿ. ಥೈರಾಯ್ಡ್‌ಗಾದರೆ ಕುತ್ತಿಗೆಯ ಸರಗಳನ್ನು ಮನೆಯಲ್ಲೇ ಬಿಟ್ಟು ಬರುವುದು ಕ್ಷೇಮ.

ಒಳಗೆ ಹೋದ ಮೇಲೆ ‘ಉಸಿರು ಎಳೆದು ಹಿಡಿಯಿರಿ’ ಎಂದಾಗ ನಿಜವಾಗಿಯೂ ಹೊಟ್ಟೆ ಉಬ್ಬುವಂತೆ ಎಳೆದುಕೊಳ್ಳಿ. ಆಗ ಪಕ್ಕೆಲುಬಿನ ಮರೆಯಲ್ಲಿದ್ದ ಲಿವರ್, ಪಿತ್ತಕೋಶ ಕೆಳಗಿಳಿದು ಕಾಣುತ್ತವೆ. ಪ್ರೋಬ್ ಒತ್ತಿದ ಜಾಗದಲ್ಲಿ ನೋವಾದರೆ ಹಲ್ಲುಕಚ್ಚಿ ಸಹಿಸಬೇಡಿ, ಹೇಳಿ. ಸರಿಯಾಗಿ ಪಿತ್ತಕೋಶದ ಮೇಲೆಯೇ ನೋವು ಎನ್ನುವುದು ರೋಗ ಗುರುತಿಸಲು ಸಿಗುವ ದೊಡ್ಡ ಸುಳಿವು. ಹಿಂದೆ ಆದ ಆಪರೇಷನ್‌ಗಳನ್ನೂ ತಪ್ಪದೆ ತಿಳಿಸಿ. ಗರ್ಭಕೋಶ ತೆಗೆಸಿಕೊಂಡವರಿಗೂ ‘ಗರ್ಭಕೋಶ ಸಹಜವಾಗಿದೆ’ ಎಂಬ ರಿಪೋರ್ಟ್ ಬಂದ ಉದಾಹರಣೆಗಳಿವೆ. ಕಂಪ್ಯೂಟರಿನಲ್ಲಿ ಮೊದಲೇ ಇರುವ ಸಿದ್ಧ ಮಾದರಿಯನ್ನು ಅವಸರದಲ್ಲಿ ತಿದ್ದದೆ ಬಿಟ್ಟರೆ ಹೀಗಾಗುತ್ತದೆ. ಇದಕ್ಕೆ ಕ್ಷಮೆಯಿಲ್ಲ. ರಿಪೋರ್ಟ್ ಕೈಗೆ ಬಂದ ಕೂಡಲೇ ಹೆಸರು, ವಯಸ್ಸು, ದಿನಾಂಕ, ಎಡ–ಬಲ, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಅಲ್ಲೇ ನೋಡಿಕೊಳ್ಳಿ. ತಪ್ಪಿದ್ದರೆ ಆಗಲೇ ತಿದ್ದಿಸಿ.

ರಿಪೋರ್ಟಿನಲ್ಲಿ ಮೇದೋಜೀರಕ ಗ್ರಂಥಿ ‘ಗ್ಯಾಸ್‌ನಿಂದಾಗಿ ಕಾಣಲಿಲ್ಲ’ ಎಂದಿದ್ದರೆ ಆ ಅಂಗದ ಪರೀಕ್ಷೆ ಆಗಿಲ್ಲ ಎಂದು ತಿಳಿಯಬೇಕು, ಸಹಜವಾಗಿದೆ ಎಂದಲ್ಲ. ಅಪೆಂಡಿಕ್ಸ್ ಕಾಣಲಿಲ್ಲ ಎಂದ ಮಾತ್ರಕ್ಕೆ ಅಪೆಂಡಿಸೈಟಿಸ್ ಇಲ್ಲವೆಂದೂ ಅಲ್ಲ. ನೋವು ಹೆಚ್ಚಿದರೆ ವೈದ್ಯರ ಬಳಿಗೆ ಮತ್ತೆ ಹೋಗಲೇಬೇಕು. ಮೂತ್ರನಾಳದ ನಡುಭಾಗದಲ್ಲಿ ಸಿಕ್ಕಿಕೊಂಡ ಸಣ್ಣ ಕಲ್ಲು ಅಲ್ಟ್ರಾಸೌಂಡ್‌ಗೆ ಸಿಗದೆ ಸಿ.ಟಿ.ಯಲ್ಲಿ ಸಿಗುವುದು ಸಾಮಾನ್ಯ. ‘ಗ್ಯಾಸ್ಟ್ರಿಕ್’, ಹುಣ್ಣು ಇದರಲ್ಲಿ ಕಾಣುವುದಿಲ್ಲ, ಅದಕ್ಕೆ ಎಂಡೋಸ್ಕೋಪಿ ಬೇಕು. ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲು ಓದಿ ರಾತ್ರಿಯಿಡೀ ನಿದ್ದೆಗೆಡುವವರಿದ್ದಾರೆ. ತೂಕ, ಸಕ್ಕರೆ, ಕೊಲೆಸ್ಟ್ರಾಲ್, ಮದ್ಯದ ಕಡೆ ಗಮನ ಕೊಡಿ ಎಂಬ ಸೂಚನೆ ಅದು. ಲಿವರ್ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಆ ಗ್ರೇಡ್ ಹೇಳುವುದಿಲ್ಲ. ಹದಿಹರೆಯದ ಹುಡುಗಿಯರ ಅಂಡಾಶಯದಲ್ಲಿ ಹಲವು ಸಣ್ಣ ಕೋಶಗಳು ಕಾಣುವುದು ಸಹಜ. ಮುಟ್ಟು ಶುರುವಾಗಿ 8 ವರ್ಷ ಆಗುವವರೆಗೆ ಸ್ಕ್ಯಾನಿಂಗ್ ಆಧಾರದ ಮೇಲೆ ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆ) ಎಂದು ಹೇಳಬಾರದು ಎನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ರಿಪೋರ್ಟನ್ನು ಮೊಬೈಲಿನಲ್ಲಿ ಹುಡುಕಿ ಅರ್ಥ ಮಾಡಿಕೊಳ್ಳುವ ಬದಲು ಚೀಟಿ ಬರೆದ ವೈದ್ಯರಿಗೇ ತೋರಿಸಿ.

ಚೀಟಿ ಬರೆಯುವ ವೈದ್ಯರಲ್ಲಿ ನಮ್ಮದೊಂದು ವಿನಂತಿ. ‘ಯುಎಸ್‌ಜಿ ಅಬ್ಡಾಮೆನ್’ (ಹೊಟ್ಟೆಯ ಅಲ್ಟ್ರಾಸೌಂಡ್) ಎಂದಷ್ಟೇ ಬರೆದು ಕಳುಹಿಸಬೇಡಿ. ನೋವು ಎಲ್ಲಿ, ಎಷ್ಟು ದಿನದಿಂದ, ಯಾವ ಅನುಮಾನ ಎಂದು ಒಂದು ಸಾಲು ಬರೆದರೆ ಎಲ್ಲಿ ಹೆಚ್ಚು ಹುಡುಕಬೇಕೆಂದು ನಮಗೆ ತಿಳಿಯುತ್ತದೆ, ಯಾವ ಸಿದ್ಧತೆ ಬೇಕೆಂದು ರೋಗಿಗೂ ಹೇಳಬಹುದು. ಕೇಂದ್ರಗಳು ಬುಕಿಂಗ್ ಸಮಯದಲ್ಲೇ ಎಷ್ಟು ಗಂಟೆ ಉಪವಾಸ, ಎಷ್ಟು ನೀರು, ಯಾವ ಮಾತ್ರೆ ತೆಗೆದುಕೊಳ್ಳಬೇಕು ಎಂಬುದನ್ನು ಕನ್ನಡದಲ್ಲಿ ಮುದ್ರಿಸಿ ಕೊಡಬೇಕು, ಓದಲು ಬಾರದವರಿಗೆ ಬಾಯಲ್ಲಿ ಹೇಳಿ ಮತ್ತೆ ಕೇಳಿ ಖಚಿತಪಡಿಸಿಕೊಳ್ಳಬೇಕು. ಉಪವಾಸ ಬಂದ ಸಕ್ಕರೆ ಕಾಯಿಲೆಯವರು, ಮಕ್ಕಳು, ವಯಸ್ಸಾದವರಿಗೆ ಮೊದಲ ಟೋಕನ್ ಮೀಸಲಿಡಬೇಕು. ಸಿದ್ಧತೆ ಬೇಡದ ಥೈರಾಯ್ಡ್, ಡಾಪ್ಲರ್‌ಗಳನ್ನು ಮಧ್ಯಾಹ್ನಕ್ಕೆ ಕೊಟ್ಟರೆ ಬೆಳಗಿನ ನೂಕುನುಗ್ಗಲು ಅರ್ಧ ಕಡಿಮೆಯಾಗುತ್ತದೆ. ಸ್ಕ್ಯಾನಿಂಗ್ ಕೋಣೆಯ ಪಕ್ಕದಲ್ಲೇ ಕುಡಿಯುವ ನೀರು, ಬಾಗಿಲಿಗೆ ಚಿಲಕವಿರುವ ಶುಚಿಯಾದ ಶೌಚಾಲಯ ಇರಲೇಬೇಕು. ಲೀಟರ್ ನೀರು ಕುಡಿಸಿ, ಎರಡು ಮಹಡಿ ಇಳಿದು ಹೋಗಿ ಎಂದು ಗರ್ಭಿಣಿಗೋ ಎಪ್ಪತ್ತರ ಅಜ್ಜನಿಗೋ ಹೇಳುವ ಸ್ಥಿತಿ ಸರ್ಕಾರಿ ಆಸ್ಪತ್ರೆಯಲ್ಲೂ ಇರಬಾರದು, ಖಾಸಗಿಯಲ್ಲೂ ಇರಬಾರದು. ಆರೋಗ್ಯ ಇಲಾಖೆ ಕೇಂದ್ರಗಳ ತಪಾಸಣೆಗೆ ಬಂದಾಗ ಫಾರ್ಮ್ ಎಫ್ ಜೊತೆಗೆ ಇದನ್ನೂ ನೋಡಲಿ.

– ಅಲ್ಟ್ರಾಸೌಂಡ್ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯರು ಮತ್ತು ಸಿಬ್ಬಂದಿ